ಹಿಂದಿನ ಸೀಟಿನ ಬಲಗಾಲು

ಏಪ್ರಿಲ್ 12, ಮಧ್ಯಾಹ್ನ 3.40. ರಬಾಳೆಯ ಕಾರ್ಖಾನೆಯ ಹಿಂದಿನ ಶೆಡ್ಡು. ಮೊದಲ ಪಾಳಿ ಮುಗಿದು ಹತ್ತು ನಿಮಿಷವಾಗಿತ್ತು. ನನ್ನ ಬೈಕಿನ ಬಲಗಡೆ, ಹಿಂದೆ ಕೂರುವವರು ಕಾಲಿಡುವ ಫುಟ್‌ರೆಸ್ಟಿನ ಎರಡು ಬೋಲ್ಟುಗಳನ್ನು ಬಿಚ್ಚಿ, ನೆಲಕ್ಕೆ ಹಾಸಿದ ರದ್ದಿ ಕಾಗದದ ಮೇಲಿಟ್ಟೆ. ಇದು ಶುರುವಾದದ್ದು ಆ ಹೊತ್ತಿಗೆ ಎಂದು ನನ್ನ ನೋಟ್‌ಬುಕ್ಕಿನಲ್ಲಿದೆ. ಅಪ್ಪನ ಪಾದಗಳು ಅದಕ್ಕೂ ಎರಡು ವರ್ಷ ಮೊದಲೇ ಬಿಸಿ, ತಂಪು, ನೋವು ಎಲ್ಲವನ್ನೂ ಮರೆತಿದ್ದವು ಎಂಬುದು ಅದರಲ್ಲಿಲ್ಲ. ನನಗೆ ಆಗ ಗೊತ್ತಿರಲಿಲ್ಲ.

ನಾನು ಶೀಟ್‌ಮೆಟಲ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುವವಳು. ರಂಧ್ರದ ವ್ಯಾಸ, ಬಾಗಿನ ಕೋನ, ತಗಡಿನ ದಪ್ಪ ಅಳೆದು, ತಾರೀಕು ಹಾಕಿ ಬರೆಯುವುದು ನನ್ನ ಕೆಲಸ. ಮನೆಯಲ್ಲೂ ಅದೇ ಚಾಳಿ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ಲೋಕಲ್ ರೈಲು ಎಷ್ಟು ನಿಮಿಷ ತಡ, ಎಲ್ಲವೂ ನನ್ನಲ್ಲಿ ಬರೆದಿಟ್ಟದ್ದಿದೆ. ಅಪ್ಪ ಇದನ್ನು ನೋಡಿ ನಗುತ್ತಿದ್ದರು. "ನೀನು ದೋಸೆಯ ತೂತು ಸಹ ಲೆಕ್ಕ ಮಾಡಿಯೇ ತಿನ್ನುವವಳು ಮಾರಾಯ್ತಿ."

ಅಪ್ಪ ಠಾಣೆಯ ನೌಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಭಟ್ಟರು. ಇಪ್ಪತ್ತೊಂಬತ್ತು ವರ್ಷ ಒಂದೇ ಕಾವಲಿಯ ಮುಂದೆ ನಿಂತವರು. ಬೆಳಿಗ್ಗೆ ಆರಕ್ಕೆ ಕಾವಲಿ ಕಾದಿರಬೇಕು, ಆರೂಕಾಲಕ್ಕೆ ಮೊದಲ ದೋಸೆ ಏಳಬೇಕು. ನಾವಿರುವುದು ಡೊಂಬಿವಲಿಯಲ್ಲಿ. ಅಷ್ಟೂ ವರ್ಷ ಅವರು ಮುಂಜಾನೆಯ ಲೋಕಲ್‌ನಲ್ಲಿ ಹೋಗುತ್ತಿದ್ದರು. ಹೋದ ಫೆಬ್ರವರಿಯಲ್ಲಿ ಎರಡೂ ಮೊಣಕಾಲು ಹಿಡಿದುಕೊಂಡವು. ಸ್ಟೇಷನ್ನಿನ ಸೇತುವೆ ಹತ್ತಲು ಒಂದು ಕೈ ಕಂಬಿಗೆ, ಇನ್ನೊಂದು ಕೈ ಗುರುತಿಲ್ಲದವರ ಹೆಗಲಿಗೆ ಬೇಕಾಯಿತು. ಒಂದು ತಿಂಗಳಲ್ಲಿ ಹನ್ನೊಂದು ದಿನ ತಡವಾಯಿತು. ಹೋಟೆಲಿನ ಧಣಿ ಒಳ್ಳೆಯವರೇ, ಆದರೂ ಹೇಳಿದರು: "ಭಟ್ರೇ, ಕಷ್ಟ ಆಗ್ತದಾದ್ರೆ ಹೇಳಿ. ಬೆಳಿಗ್ಗೆ ಹೊತ್ತಲ್ಲಿ ಕಾವಲಿ ಖಾಲಿ ಬಿಡ್ಲಿಕ್ಕೆ ಆಗುದಿಲ್ಲ. ಗಲ್ಲೆಯಲ್ಲಿ ಕೂತು ದುಡ್ಡು ತೆಕ್ಕೊಳ್ಳಿ ಬೇಕಾದ್ರೆ."

ಅಪ್ಪ ಅದನ್ನು ಮನೆಗೆ ಬಂದು ಹೇಳಿದ ರೀತಿ ನೆನಪಿದೆ. "ಗಲ್ಲೆಯಲ್ಲಿ ಕೂತು ಎಂತ ಮಾಡುದು? ಸೋಂಪಿನ ತಟ್ಟೆ ಮುಂದೆ ದೂಡುದಾ?" ಎಂದು ನಕ್ಕರು. ಆಮೇಲೆ ಊಟಕ್ಕೆ ಏಳಲಿಲ್ಲ.

ಹಾಗಾಗಿ ಬೈಕು. ಹಳೆಯದು, ಸಹೋದ್ಯೋಗಿಯೊಬ್ಬರಿಂದ ಕೊಂಡದ್ದು. ನಾನು ಮೊದಲ ಪಾಳಿ ಕೇಳಿ ಪಡೆದೆ. ಬೆಳಿಗ್ಗೆ ಐದಕ್ಕೆ ಹೊರಟು, ಶಿಳ್‌ಫಾಟಾ, ಮುಂಬ್ರಾ ಬೈಪಾಸ್ ದಾಟಿ ಅಪ್ಪನನ್ನು ನೌಪಾಡಾದಲ್ಲಿ ಇಳಿಸಿ, ಕಳವಾ ಮೇಲಿಂದ ರಬಾಳೆಗೆ ಏಳರ ಒಳಗೆ ಬರುವುದು. ಮಧ್ಯಾಹ್ನ ಹೋಟೆಲಿನ ಟೆಂಪೋ ತರಕಾರಿಗೆಂದು ಕಲ್ಯಾಣದ ಮಾರುಕಟ್ಟೆಗೆ ಹೋಗುವಾಗ ಅಪ್ಪನನ್ನು ಮನೆಯ ಹತ್ತಿರ ಬಿಡುತ್ತಿತ್ತು.

ಮೊದಲ ವಾರದಲ್ಲೇ ತೊಂದರೆ ಕಂಡಿತು. ಹಿಂದಿನ ಫುಟ್‌ರೆಸ್ಟು ಎತ್ತರದಲ್ಲಿತ್ತು. ಐವತ್ತು ನಿಮಿಷ ಮೊಣಕಾಲು ಮಡಚಿ ಕೂತರೆ ನೌಪಾಡಾದಲ್ಲಿ ಅಪ್ಪನಿಗೆ ಇಳಿಯಲಾಗುತ್ತಿರಲಿಲ್ಲ. ನಾನು ಸ್ಟ್ಯಾಂಡ್ ಹಾಕಿ, ಅವರ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಇಳಿಸಬೇಕಿತ್ತು. ಹೋಟೆಲಿನಲ್ಲಿ ಕಾಫಿ ಮಾಡುವವರು, ಅಪ್ಪನ ಹಳೆಯ ಜೊತೆಗಾರರೊಬ್ಬರು, ಎಲ್ಲರ ಬಾಯಲ್ಲಿ ಕಾಫಿಯವರು, ಬಾಗಿಲಲ್ಲಿ ನಿಂತು ಕೂಗುತ್ತಿದ್ದರು: "ಬಂತು ನೋಡಿ ದಿಬ್ಬಣ! ಭಟ್ರೇ, ವಾಲಗ ಊದಿಸುದಾ?"

"ಮೊದ್ಲು ನಿಮ್ಮ ಹಾಲು ಉಕ್ಕುದನ್ನು ನೋಡಿ," ಎಂದು ಅಪ್ಪ ಅಲ್ಲಿಂದಲೇ ಉತ್ತರ ಕೊಡುತ್ತಿದ್ದರು.

ಫುಟ್‌ರೆಸ್ಟನ್ನು ಕೆಳಗಿಳಿಸಬೇಕು ಎಂದು ನಾನು ತೀರ್ಮಾನಿಸಿದೆ. ಎಡಗಡೆ ಸುಲಭ, ಒಂದು ಪಟ್ಟಿ ಸೇರಿಸಿದರಾಯಿತು. ಬಲಗಡೆ ಹಾಗಲ್ಲ. ಈ ಬೈಕಿನಲ್ಲಿ ಬಲಗಡೆಯ ಫುಟ್‌ರೆಸ್ಟೂ ಸೈಲೆನ್ಸರೂ ಒಂದೇ ಬ್ರ್ಯಾಕೆಟಿನಲ್ಲಿ ಇವೆ. ಮೇಲಿನ ಮೂಲೆಯಲ್ಲಿ ಫುಟ್‌ರೆಸ್ಟು, ಕೆಳಗಿನ ಮೂಲೆಯಲ್ಲಿ ರಬ್ಬರಿನ ಬಳೆ ಹಾಕಿ ತೂಗುಬಿಟ್ಟ ಸೈಲೆನ್ಸರು. ಒಂದನ್ನು ಇಳಿಸಿದರೆ ಇನ್ನೊಂದಕ್ಕೆ ತಾಗುತ್ತದೆ. ಆದ್ದರಿಂದ ಎರಡನ್ನೂ ಬೇರೆ ಮಾಡಿ, ಸೈಲೆನ್ಸರಿಗೆ ಅದರದೇ ಆದ ಹೊಸ ಬ್ರ್ಯಾಕೆಟ್ ಮಾಡಬೇಕಾಯಿತು. ಐದು ಮಿಲಿಮೀಟರ್ ದಪ್ಪದ ತಗಡಿನ ತುಂಡು ಆರಿಸಿ, ಸೂಪರ್‌ವೈಸರನ್ನು ಕೇಳಿ ತೆಗೆದುಕೊಂಡೆ. ಮೂರು ಸಲ ಚಿತ್ರ ಬರೆದೆ. ಫುಟ್‌ರೆಸ್ಟು 55 ಮಿಲಿಮೀಟರ್ ಕೆಳಗೆ, 30 ಮುಂದಕ್ಕೆ. ಸೈಲೆನ್ಸರು 15 ಕೆಳಗೆ, 12 ಒಳಕ್ಕೆ. ಅದಕ್ಕಿಂತ ಕೆಳಗಿಳಿಸಿದರೆ ಸ್ಪೀಡ್‌ಬ್ರೇಕರಿಗೆ ತಾಗುತ್ತದೆ.

ವೆಲ್ಡಿಂಗ್ ಮಾಡಿಕೊಟ್ಟವರು ನಮ್ಮ ಕಾರ್ಖಾನೆಯ ಹಿರಿಯ ವೆಲ್ಡರ್, ವಿಜಯಪುರದ ಕಡೆಯವರು. ನಾನು ಕೊನೆಯಲ್ಲಿ ಹೇಳಿದ ಒಂದು ಮಾತಿಗೆ ಮಾತ್ರ ಅವರು ಕೈ ನಿಲ್ಲಿಸಿದರು. ಸೈಲೆನ್ಸರಿನ ಮೇಲೆ, ಕಾಲಿಗೆ ಬಿಸಿ ತಾಗದಂತೆ, ಒಂದು ತಗಡಿನ ಗಾರ್ಡು ಇರುತ್ತದೆ. ಇಳಿಸಿದ ಫುಟ್‌ರೆಸ್ಟನ್ನು ಮಡಚುವಾಗ ಅದು ಅಡ್ಡ ಬರುತ್ತಿತ್ತು. ಹಿಂಬದಿಯಿಂದ 90 ಮಿಲಿಮೀಟರ್ ಕತ್ತರಿಸಿ ಎಂದೆ.

"ಕಂಪನಿಯವ್ರು ಅದನ್ನ ಚಂದ ಕಾಣ್ಲಿ ಅಂತ ಹಾಕ್ಯಾರೇನ್ ತಂಗಿ?" ಎಂದರು.

"ಫುಟ್‌ರೆಸ್ಟಿನ ಕೆಳಗೆ 22 ಮಿಲಿಮೀಟರ್ ಗ್ಯಾಪ್ ಇದೆ ಕಾಕಾ. ಅಳೆದಿದ್ದೇನೆ."

"ನೀ ಅಳದಿ ಅಂದ್ರ ಮುಗೀತು ಬಿಡು. ನಿನ್ನ ಕೂಡ ವಾದಾ ಮಾಡೂದಂದ್ರ ಸ್ಕೇಲಿನ ಕೂಡ ವಾದಾ ಮಾಡಿದಂಗ." ಕನ್ನಡಕ ಇಳಿಸಿಕೊಂಡು ಕತ್ತರಿಸಿದರು.

ಪರೀಕ್ಷೆ ಮಾಡದೆ ನಾನು ಯಾವುದನ್ನೂ ಪಾಸ್ ಮಾಡುವುದಿಲ್ಲ. ವೆಲ್ಡರ್ ಕಾಕಾ ಓಡಿಸಿದರು, ನಾನು ಹಿಂದೆ ಕೂತೆ. ರಬಾಳೆಯಿಂದ ಐರೋಳಿ, ಮತ್ತೆ ರಬಾಳೆ, ನಲವತ್ತು ನಿಮಿಷ. ಮೊಣಕಾಲು ಆರಾಮ, ಪಾದ ಆರಾಮ. ಇಳಿದ ತಕ್ಷಣ ಕಾರ್ಖಾನೆಯ ಬಿಸಿ ಅಳೆಯುವ ಗನ್ನು ತಂದು ಫುಟ್‌ರೆಸ್ಟಿನ ರಬ್ಬರಿಗೆ ಹಿಡಿದೆ: 39 ಡಿಗ್ರಿ. ಬರೆದೆ. ಪಕ್ಕದಲ್ಲಿ ಟಿಕ್ ಹಾಕಿದೆ.

ಆ ನಲವತ್ತು ನಿಮಿಷದಲ್ಲಿ ನನ್ನ ಬಲಗಾಲು ಎಷ್ಟು ಸಲ ತಾನಾಗಿ ಸರಿದುಕೊಂಡಿತ್ತೋ ನನಗೆ ಗೊತ್ತಿಲ್ಲ. ಹಿಮ್ಮಡಿಗೆ ಬಿಸಿ ತಟ್ಟಿದಾಗ ಅದು ನನ್ನನ್ನು ಕೇಳದೆ ಮುಂದೆ ಸರಿದಿರಬೇಕು. ನಾನು ಸಿಗ್ನಲ್ಲುಗಳನ್ನು ಲೆಕ್ಕ ಮಾಡುತ್ತಿದ್ದೆ.

ಏಪ್ರಿಲ್ 15ರಿಂದ ಅಪ್ಪ ಹೊಸ ಫುಟ್‌ರೆಸ್ಟಿನ ಮೇಲೆ ಕಾಲಿಟ್ಟರು. ನಾನು ಒಂದು ಪುಟಕ್ಕೆ ಗೆರೆ ಎಳೆದು ಮೂರು ಕಾಲಂ ಮಾಡಿದೆ: ಮೊಣಕಾಲು, ಸೊಂಟ, ಪಾದ. ನೌಪಾಡಾದಲ್ಲಿ ಇಳಿದ ಕೂಡಲೇ ಹತ್ತರಲ್ಲಿ ಎಷ್ಟು ಆರಾಮ ಎಂದು ಕೇಳುವುದು.

"ಮೊಣಕಾಲು?"

"ಆರು."

"ಸೊಂಟ?"

"ಏಳು ಹಾಕು. ಮುಂಬ್ರಾದ ಹೊಂಡಕ್ಕೆ ಒಂದು ಕಡಿಮೆ ಮಾಡಿದ್ದೇನೆ."

"ಪಾದ?"

"ಹತ್ತು."

ಕಾಫಿಯವರು ಒಳಗಿಂದ ಕೇಳುತ್ತಿದ್ದರು: "ಎಂತ ಭಟ್ರೇ, ಪರೀಕ್ಷೆಯಲ್ಲಿ ಪಾಸಾ? ಮಗಳು ಮಾರ್ಕು ಕೊಟ್ಳಾ?" ಅಪ್ಪನಿಗೆ ಆ ಪ್ರಶ್ನೋತ್ತರ ಖುಷಿ ಕೊಡುತ್ತಿತ್ತು. ಮೇ ತಿಂಗಳಲ್ಲಿ ಮೊಣಕಾಲು ಎಂಟಕ್ಕೆ ಬಂತು. ಒಂದು ದಿನವೂ ತಡವಾಗಲಿಲ್ಲ. ಅಪ್ಪ ತಾವೇ ಇಳಿದು, ಗೋಡೆ ಹಿಡಿಯದೆ ಒಳಗೆ ನಡೆದುಹೋಗುವುದನ್ನು ನಾನು ಬೈಕಿನ ಮೇಲೆ ಕೂತು ನೋಡುತ್ತಿದ್ದೆ. ಆ ದಿನಗಳಲ್ಲಿ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆ ಇತ್ತು, ಅದನ್ನೂ ಬರೆಯಬೇಕು.

ಒಟ್ಟು 68 ಬೆಳಿಗ್ಗೆ. ಮೊಣಕಾಲಿನ ಕಾಲಂನಲ್ಲಿ ಅಂಕಿಗಳು ಏರುತ್ತ ಇಳಿಯುತ್ತ ಇವೆ. ಸೊಂಟದ್ದೂ ಹಾಗೆಯೇ. ಪಾದದ ಕಾಲಂನಲ್ಲಿ 68 ಸಲವೂ ಹತ್ತು. ಕಾರ್ಖಾನೆಯಲ್ಲಿ ಯಾವುದೇ ಅಳತೆ 68 ಸಲ ಒಂದೇ ಬಂದರೆ ನಾನು ಮೊದಲು ಉಪಕರಣ ಕೆಟ್ಟಿದೆಯೇ ಎಂದು ನೋಡುತ್ತೇನೆ.

ನೋಡದೇ ಇದ್ದದ್ದಕ್ಕೆ ಒಂದು ಕಾರಣವಿದೆ. ಅದು ಹೋಟೆಲಿನವರ ಮನೆಯಲ್ಲಿ ಬೆಳೆದವರಿಗೆ ಮಾತ್ರ ಅರ್ಥವಾದೀತು. ಬೆಂಕಿಗೆ ಹೆದರುವವನನ್ನು ಅಡುಗೆಮನೆಯಲ್ಲಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅಪ್ಪ ಕಾವಲಿಯಿಂದ ದೋಸೆಯ ಅಂಚನ್ನು ಬೆರಳಲ್ಲೇ ಎತ್ತುತ್ತಿದ್ದರು. ಬಿಸಿ ನೀರು ಚೆಲ್ಲಿದ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದರು. ಚಪ್ಪಲಿ ಅಡುಗೆಮನೆಯ ಹೊರಗೆ. ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಅವರ ಪಾದದ ಮೇಲೆ ಕಾದ ಎಣ್ಣೆ ಬಿತ್ತಂತೆ. ಅಪ್ಪ ಕಾಲು ಕದಲಿಸದೆ, ಕಾವಲಿಯ ಮೇಲಿದ್ದ ಆರೂ ದೋಸೆ ಮಡಚಿ ಕಳಿಸಿ, ಆಮೇಲೆ ನಲ್ಲಿಗೆ ಹೋದರಂತೆ. ಆ ಕಥೆಯನ್ನು ನಮ್ಮ ಮನೆಯಲ್ಲಿ ಬಂದವರಿಗೆಲ್ಲ ಹೇಳಿದ್ದೇವೆ. ಅಮ್ಮ ಹೇಳಿದ್ದಾಳೆ, ನಾನು ಹೇಳಿದ್ದೇನೆ. ಕೇಳಿದವರೆಲ್ಲ ಅಪ್ಪನ ಗಟ್ಟಿತನವನ್ನು ಹೊಗಳಿದ್ದಾರೆ. ಅಪ್ಪನಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಎರಡನ್ನೂ ಒಟ್ಟಿಗಿಟ್ಟು ಯೋಚಿಸಿದವರು ಒಬ್ಬರೂ ಇಲ್ಲ.

ಮೇ 9ರ ಪುಟದಲ್ಲಿ ಹೀಗಿದೆ: "ಅಪ್ಪನ ಬಲ ಚಪ್ಪಲಿ, ಹಿಮ್ಮಡಿ ಅಂಚು ಸವೆದಿದೆ. ಹೊಸ ಜೊತೆ ತಂದೆ." ಮೇ 11: "ಸೈಲೆನ್ಸರಿನ ಮೇಲೆ ಕಪ್ಪು ಕಲೆ. ಶಿಳ್ ರಸ್ತೆಯ ಹೊಸ ಡಾಂಬರು ಇರಬೇಕು. ತಂತಿಯ ಬ್ರಷ್ಷಿನಿಂದ ಉಜ್ಜಿದೆ." ಎರಡು ದಿನದ ಅಂತರದಲ್ಲಿ, ಒಂದರ ಕೆಳಗೊಂದು, ನನ್ನದೇ ಅಕ್ಷರದಲ್ಲಿ. ಚಪ್ಪಲಿ ಸವೆದಿರಲಿಲ್ಲ, ಕರಗಿತ್ತು. ಉಜ್ಜಿ ತೆಗೆದದ್ದು ಡಾಂಬರಲ್ಲ, ಅದೇ ಚಪ್ಪಲಿಯ ರಬ್ಬರು.

ಜೂನ್ 14ರಂದು ಮಳೆ ಜೋರಾಯಿತು. ಒದ್ದೆ ಚಪ್ಪಲಿ ಫುಟ್‌ರೆಸ್ಟಿನಿಂದ ಜಾರುತ್ತದೆ ಎಂದು ಅಪ್ಪ ಅದನ್ನು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಅಂದಿನಿಂದ ಬರಿಗಾಲು.

"ಕಾಲು ತಂಪಾಗುದಿಲ್ವಾ ಅಪ್ಪಾ?"

"ಎಂತ ತಂಪು? ಎಂತದೂ ಇಲ್ಲ. ನೀನು ಮುಂದೆ ನೋಡಿ ಓಡಿಸು."

ಶಿಳ್‌ಫಾಟಾದಲ್ಲಿ ಆ ಹೊತ್ತಿಗೆ ಟ್ರಕ್ಕುಗಳ ಸಾಲು. ಹತ್ತು ನಿಮಿಷ, ಕೆಲವೊಮ್ಮೆ ಹದಿನೈದು ನಿಮಿಷ, ಇಂಜಿನ್ ಆರಿಸದೆ ಅಂಗುಲ ಅಂಗುಲವಾಗಿ ಸರಿಯುವುದು. ಗಾಳಿ ಇಲ್ಲದೆ ಸೈಲೆನ್ಸರು ಕಾಯುವುದು ಆಗಲೇ. ಜೂನ್ ಕೊನೆಯ ವಾರ ಅಮ್ಮ ಅಪ್ಪನ ಬಲ ಹಿಮ್ಮಡಿ ಕಪ್ಪಾಗಿ ಒಡೆದದ್ದನ್ನು ಕಂಡಳು. ಭಟ್ಟರ ಹಿಮ್ಮಡಿ ಯಾವ ಮಳೆಗಾಲದಲ್ಲಿ ಒಡೆಯುವುದಿಲ್ಲ? ತೆಂಗಿನೆಣ್ಣೆಯಲ್ಲಿ ಮೇಣ ಕರಗಿಸಿ ಹಚ್ಚಿದಳು. ಅಪ್ಪ ಟಿವಿ ನೋಡುತ್ತಿದ್ದರು.

ಜುಲೈ 8. ನಾನು ಅಪ್ಪನನ್ನು ಇಳಿಸಿ, ಮೂರು ಅಂಕಿ ಬರೆದುಕೊಂಡು, ರಬಾಳೆಗೆ ಬಂದಿದ್ದೆ. 8.25ಕ್ಕೆ ಕಾಫಿಯವರ ಫೋನು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

"ಮಗಾ, ನೀನು ಒಂದ್ಸಲ ಬಾ. ನೆಲದಲ್ಲಿ ಕೆಂಪು ಕೆಂಪು ಹೆಜ್ಜೆ ಕಂಡಿತು. ನಾನು ಮೈಸೂರು ದೋಸೆಯ ಕೆಂಪು ಚಟ್ನಿ ತುಳಿದಿದ್ದಾರೆ ಅಂತ ಎಣಿಸಿದೆ. 'ಭಟ್ರೇ, ಕಾಲು ಒರೆಸಿಕೊಳ್ಳಿ, ಧಣಿ ಕಂಡ್ರೆ ಬೈತಾರೆ' ಅಂದೆ. ಅವ್ರೂ ಚಟ್ನಿಯೇ ಅಂತ ಗೋಣಿಗೆ ಉಜ್ಜಿದ್ರು. ಉಜ್ಜಿದ ಹಾಗೆ ಇನ್ನೂ ಬಂತು ಮಾರಾಯ್ತಿ. ಹಿಮ್ಮಡಿಯಲ್ಲಿ ಹೊಂಡ ಬಿದ್ದಿದೆ. ನೋಡ್ಲಿಕ್ಕೆ ಆಗುದಿಲ್ಲ."

ನಾನು ಹೋದಾಗ ಅಪ್ಪ ಕಾವಲಿಯ ಮುಂದೆಯೇ ನಿಂತಿದ್ದರು. ಬಲ ಪಾದಕ್ಕೆ ಟೇಬಲ್ ಒರೆಸುವ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿಕೊಂಡಿದ್ದರು. "ಒಂಬತ್ತೂವರೆವರೆಗೆ ರಶ್ಶು ಉಂಟು. ಮುಗಿಸಿ ಬರ್ತೇನೆ," ಎಂದರು. ನಾನು ಕಾಯಲಿಲ್ಲ. ಗ್ಯಾಸನ್ನು ನಾನೇ ಆರಿಸಿದೆ. ಅವರ ಕಾವಲಿಯ ಕೆಳಗಿನ ಬೆಂಕಿಯನ್ನು ಬೇರೆಯವರು ಆರಿಸಿದ್ದು ಅದೇ ಮೊದಲು ಎಂದು ಆಮೇಲೆ ಹೇಳಿದರು.

ಡೊಂಬಿವಲಿಯ ಡಾಕ್ಟರು ಮಧ್ಯವಯಸ್ಸಿನ ಮರಾಠಿ ಹೆಂಗಸು. ಗಾಯ ನೋಡಿ, ಒಂದು ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆ ತೆಗೆದರು. ಅದರ ತುದಿಯನ್ನು ಪಾದದ ಅಲ್ಲಲ್ಲಿ ಒತ್ತುತ್ತ, ತಾಗುತ್ತದೆಯೇ ಎಂದು ಕೇಳಿದರು.

"ಕಾಕಾ, ಲಾಗ್ತಂಯ್ ಕಾ?"

"ಹೋ," ಎಂದರು ಅಪ್ಪ.

"ಇಥೆ?" ಇನ್ನೊಂದು ಜಾಗದಲ್ಲಿ ಒತ್ತಿದರು.

"ಹೋ."

ಎಂಟು ಜಾಗ. ಎಂಟು ಸಲವೂ ಹೌದು. ನನಗೆ ಉಸಿರು ಬಂದಂತಾಯಿತು. ಡಾಕ್ಟರು ಅಪ್ಪನ ಮುಖ ನೋಡಿ, "ಆತಾ ಡೋಳೇ ಬಂದ್ ಕರಾ," ಎಂದರು. ಅಪ್ಪ ಕಣ್ಣು ಮುಚ್ಚಿದರು. ಡಾಕ್ಟರು ಮತ್ತೆ ಒತ್ತಿದರು. ಬಲಪಾದ ಎಂಟು ಜಾಗ, ಎಡಪಾದ ಎಂಟು ಜಾಗ. ಎಳೆ ಬಾಗುತ್ತಿತ್ತು, ನಾನು ನೋಡುತ್ತಿದ್ದೆ. ಅಪ್ಪ ಸುಮ್ಮನಿದ್ದರು. ಸ್ವಲ್ಪ ಹೊತ್ತಾದ ಮೇಲೆ, ಕಣ್ಣು ಮುಚ್ಚಿಕೊಂಡೇ, "ಶುರು ಮಾಡಿದ್ರಾ?" ಎಂದು ನನ್ನನ್ನು ಕನ್ನಡದಲ್ಲಿ ಕೇಳಿದರು.

ಡಾಕ್ಟರು ಕಲ್ಯಾಣದ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಇಪ್ಪತ್ತೊಂದು ದಿನ ಕಾಲು ಉಳಿಸಲು ನೋಡಿದರು. ಸೋಂಕು ಮೂಳೆಗೆ ಇಳಿದಿತ್ತು. ಎರಡು ಸಲ ಗಾಯವನ್ನು ಕೆರೆದು ಶುದ್ಧ ಮಾಡಿದರು. ನಾನು ದಿನಾ ಜ್ವರ, ಸಕ್ಕರೆ, ಗಾಯದ ಅಗಲ ಬರೆದೆ. ಅಗಲ 31 ಮಿಲಿಮೀಟರಿನಿಂದ 34, 34ರಿಂದ 42. ಜುಲೈ 29, ಬೆಳಿಗ್ಗೆ 10.15ಕ್ಕೆ ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ಬಲಗಾಲನ್ನು ತೆಗೆದರು. ಸಹಿ ನಾನೇ ಹಾಕಿದೆ. ಅಮ್ಮ ಪೆನ್ನು ಹಿಡಿಯಲಿಲ್ಲ.

ಆಗಸ್ಟ್ 3ರಂದು ನಾನು ಬೈಕನ್ನು ಮತ್ತೆ ಅಳೆದೆ. ಯಾವ ಪ್ರಯೋಜನಕ್ಕೂ ಅಲ್ಲ. ನಾನು ಏಪ್ರಿಲಿನಲ್ಲಿ ಅಳೆದದ್ದು ಫುಟ್‌ರೆಸ್ಟಿನ ನೇರ ಕೆಳಗೆ: 22 ಮಿಲಿಮೀಟರ್. ಅದು ಈಗಲೂ 22. ಆದರೆ ಈ ಬೈಕಿನ ಸೈಲೆನ್ಸರು ಹಿಂದಕ್ಕೆ ಹೋದಂತೆ ಮೇಲಕ್ಕೆ ಏರುತ್ತದೆ. ಮನುಷ್ಯ ಫುಟ್‌ರೆಸ್ಟಿನ ಮೇಲೆ ಪಾದದ ನಡುಭಾಗವನ್ನು ಇಡುತ್ತಾನೆ. ಹಿಮ್ಮಡಿ ಅದಕ್ಕಿಂತ ಒಂದು ಕೈ ಅಗಲ ಹಿಂದೆ ಇರುತ್ತದೆ. ಫುಟ್‌ರೆಸ್ಟು ಕೆಳಗಾದಷ್ಟೂ ಮೊಣಕಾಲು ಬಿಡಿಸಿಕೊಳ್ಳುತ್ತದೆ, ಹಿಮ್ಮಡಿ ಜೋತು ಬೀಳುತ್ತದೆ. ಹಿಮ್ಮಡಿ ಬೀಳುವ ಆ ಜಾಗದಲ್ಲಿ ಗ್ಯಾಪು 4 ಮಿಲಿಮೀಟರ್. ನಾನು ಗಾರ್ಡನ್ನು ಕತ್ತರಿಸಿದ್ದೂ ಅಲ್ಲೇ. ಶಿಳ್‌ಫಾಟಾಕ್ಕೆ ಹೋಗಿ ಬಂದು ಅಲ್ಲಿಗೆ ಬಿಸಿಯ ಗನ್ನು ಹಿಡಿದೆ: 148.

ವೆಲ್ಡರ್ ಕಾಕಾನಿಗೆ ಈ ಅಂಕಿ ತೋರಿಸಿದೆ. "ನಾ ಅಂದಿದ್ದೆ," ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. "ನಾನರ ಯಾಕ ಕೊಯ್ದೆ ತಂಗಿ?" ಎಂದರು.

ಅಪ್ಪನಿಗೆ ನಾನೇ ಹೇಳಬೇಕಿತ್ತು. ಆಗಸ್ಟ್ 17, ಮಧ್ಯಾಹ್ನ, ಮನೆಯಲ್ಲಿ. ನೋಟ್‌ಬುಕ್ಕು ತೆಗೆದು 22, 4, 90, 148 ಎಲ್ಲವನ್ನೂ ಓದಿದೆ. ಅಪ್ಪ ಮಂಚದ ಮೇಲೆ ಕಾಲಿನ ಉಳಿದ ಭಾಗವನ್ನು ದಿಂಬಿನ ಮೇಲಿಟ್ಟು ಕೂತಿದ್ದರು.

"ಬೈಕಿಗೆ ಬೈಬೇಡ," ಎಂದರು. "ಅದು ಇಲ್ಲದಿದ್ರೆ ಮಾರ್ಚಿನಲ್ಲೇ ಗಲ್ಲೆಗೆ ಹೋಗ್ಬೇಕಿತ್ತು."

"ಪಾದಕ್ಕೆ ದಿನಾ ಹತ್ತು ಅಂತ ಯಾಕೆ ಹೇಳಿದ್ರಿ ಅಪ್ಪಾ?"

"ಎರಡು ವರ್ಷ ಆಯ್ತು. ಮೊದ್ಲು ಬೆರಳು. ಆಮೇಲೆ ಅಡಿ. ಹತ್ತಿ ಮೇಲೆ ನಿಂತ ಹಾಗೆ. ಒಲೆ ಹತ್ರ ನಿಲ್ಲುವವ ಕಾಲು ಗೊತ್ತಾಗುದಿಲ್ಲ ಅಂದ್ರೆ ಯಾರು ನಿಲ್ಲಿಸಿಕೊಳ್ತಾರೆ? ನೆಲ ಬಿಸಿ ಉಂಟಾ ಅಂತ ಬಗ್ಗಿ ಕೈಯಲ್ಲಿ ಮುಟ್ಟಿ ನೋಡ್ತಿದ್ದೆ. ಮೊಣಕಾಲು ಹೋದ ಮೇಲೆ ಬಗ್ಗಲಿಕ್ಕೂ ಆಗ್ಲಿಲ್ಲ."

"ನನಗಾದ್ರೂ ಹೇಳ್ಬಹುದಿತ್ತು."

"ಗೊತ್ತಾಗುದಿಲ್ಲ ಅಂತ ಹೇಳಿದ್ರೆ ನೀನು ಕರ್ಕೊಂಡು ಹೋಗ್ತಿದ್ದಿಯಾ?"

ಉತ್ತರ ಬರೆಯಲು ನಾನು ಆ ಪುಟದಲ್ಲಿ ಎರಡು ಗೆರೆ ಖಾಲಿ ಬಿಟ್ಟೆ. ಈಗಲೂ ಖಾಲಿ ಇದೆ. ಕರೆದುಕೊಂಡು ಹೋಗುತ್ತಿರಲಿಲ್ಲ ಎಂದು ಬರೆದರೆ ಅಪ್ಪ ಮುಚ್ಚಿಟ್ಟದ್ದು ಸರಿ ಎಂದಾಗುತ್ತದೆ. ಹೋಗುತ್ತಿದ್ದೆ ಎಂದರೆ ಅದು ಸುಳ್ಳು.

ಅಲ್ಲಿಗೆ ಮುಗಿದಿದ್ದರೆ ಇದನ್ನು ನಾನು ಯಾರಿಗೂ ಓದಲು ಕೊಡುತ್ತಿರಲಿಲ್ಲ. ನವೆಂಬರಿನಲ್ಲಿ ಅಪ್ಪನಿಗೆ ಕೃತಕ ಕಾಲು ಬಂತು. ಪಾದ ಗಟ್ಟಿ ರಬ್ಬರಿನದು, ಮೇಲಿನ ಕೊಳವೆ ಪ್ಲಾಸ್ಟಿಕ್ಕು. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಾರೆ. ಈ ಡಿಸೆಂಬರಿನ ಮೊದಲ ವಾರ ಧಣಿ ಮನೆಗೆ ಬಂದಿದ್ದರು. ಅವರ ಜೊತೆ ಕಾಫಿಯವರೂ.

"ಹೊಸಬ ಒಬ್ಬ ಬಂದಿದ್ದಾನೆ," ಎಂದರು ಕಾಫಿಯವರು. "ಅವನ ದೋಸೆ ಕಾಗದದ ಹಾಗೆ, ಅದರ ಮೇಲೆ ಬಿಲ್ಲು ಬರೆಯಬಹುದು ಭಟ್ರೇ."

"ಹೊಯ್ಯುವಾಗ ಕೈ ನಡುಗ್ತದಾ?" ಎಂದು ಅಪ್ಪ ಕೇಳಿದರು. ತಿಂಗಳುಗಳ ನಂತರ ಆ ದನಿ ಕೇಳಿದೆ.

ಧಣಿ ಹೇಳಿದ್ದು ಇಷ್ಟು: ಶನಿವಾರ, ಭಾನುವಾರ ಬೆಳಿಗ್ಗೆ ಮಾತ್ರ. ಎತ್ತರದ ಸ್ಟೂಲು ಮಾಡಿಸಿಡುತ್ತಾರೆ, ಕಾಲಿಗೆ ಮುಚ್ಚಿದ ಬೂಟು ಕಡ್ಡಾಯ, ಒಲೆಗೂ ಕಾಲಿಗೂ ನಡುವೆ ತಗಡಿನ ಅಡ್ಡಗೋಡೆ. ಕೂತು ದೋಸೆ ಹೊಯ್ಯಬಹುದು. ಆದರೆ ಆರಕ್ಕೆ ಅಲ್ಲಿರಬೇಕು. ಜನವರಿಯವರೆಗೆ ಕಾಯುತ್ತೇನೆ ಎಂದರು. ಸ್ಟೇಷನ್ನಿನ ಸೇತುವೆ ಹತ್ತುವುದು ಈಗ ಮೊದಲಿಗಿಂತ ಕಷ್ಟ. ಆ ಹೊತ್ತಿಗೆ ಅಷ್ಟು ದೂರ ಬರುತ್ತೇನೆಂದು ಒಪ್ಪಿದ ರಿಕ್ಷಾದವರು, ಆಮೇಲೆ ಪರೀಕ್ಷೆಗೆಂದು ಕರೆದಾಗ, ಎರಡು ಸಲ ಬರಲೇ ಇಲ್ಲ.

ಅಂದು ಧಣಿ, ಕಾಫಿಯವರು ಹೋದ ಮೇಲೆ ಅಪ್ಪ ನನ್ನ ಕಡೆ ತಿರುಗಿದರು. "ಬೈಕು ಉಂಟಲ್ಲ?"

ನಾನು ಅವರ ಕಾಲಿನ ಕಡೆ ನೋಡಿದ್ದನ್ನು ಕಂಡು, "ಇನ್ನು ಹೆದ್ರಿಕೆ ಎಂತದಕ್ಕೆ?" ಎಂದರು. "ಈಗ ರಬ್ಬರಿನ ಕಾಲು. ಕರಗಿದ್ರೆ ವಾಸನೆ ಆದ್ರೂ ಬರ್ತದೆ." ಅಮ್ಮ ಒಳಗೆ ಎದ್ದುಹೋದಳು.

ವಿಠ್ಠಲವಾಡಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ; ಕಾಲಿಲ್ಲದವರ ಸ್ಕೂಟರಿಗೆ ಪಕ್ಕದ ಚಕ್ರ ಹಾಕಿಕೊಡುವವರು. ಡಿಸೆಂಬರ್ 10ರಂದು ಬೈಕು ತೆಗೆದುಕೊಂಡು ಅಲ್ಲಿಗೆ ಹೋದೆ. ನನ್ನ ಚಿತ್ರಗಳನ್ನು ತೋರಿಸಿದೆ. ಅವರು ಕಾಗದವನ್ನು ಮುಟ್ಟಲಿಲ್ಲ. ಬ್ರ್ಯಾಕೆಟನ್ನು ನೋಡಿ, "ಪೆಹಲೇ ಪಾಂವ್ ರಖೋ, ಫಿರ್ ನಾಪ್ ಲೋ," ಎಂದರು. ಮೊದಲು ಕಾಲಿಡಿ, ಆಮೇಲೆ ಅಳೆಯಿರಿ. ನಾನು ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಅಳೆದಿದ್ದೆ. ಸ್ವಂತ ಓಡಿಸುವವರಿಗೆ ಬೇಕಾದಷ್ಟು ಮಾಡಿಕೊಟ್ಟಿದ್ದೇನೆ, ಕೃತಕ ಕಾಲಿನವರನ್ನು ಹಿಂದೆ ಕೂರಿಸುವ ಬೈಕು ಈವರೆಗೆ ಮಾಡಿಲ್ಲ, ಮಾಡಿದ್ದೇನೆ ಎಂದು ಸುಳ್ಳು ಹೇಳುವುದಿಲ್ಲ ಎಂದೂ ಹೇಳಿದರು. ಸ್ಕೂಟರಿನ ಅಗಲದ ಸೀಟಿನ ಮೇಲೆ ಕಾಲು ಅಗಲಿಸಿ ಕೂರಲು ಅಪ್ಪನ ಸೊಂಟ ಬಿಡುವುದಿಲ್ಲ. ಅದನ್ನು ನಿಂತ ಸ್ಕೂಟರಿನ ಮೇಲೆ ಕೂರಿಸಿ ನೋಡಿಯಾಗಿದೆ.

ನನ್ನ ಬಳಿ ಈಗ ನಾಲ್ಕು ಚಿತ್ರಗಳಿವೆ. ಒಂದರಲ್ಲಿ ಸೈಲೆನ್ಸರನ್ನು ಮೊಟಕು ಮಾಡಿ ಇಂಜಿನ್ನಿನ ಕೆಳಗೇ ಮುಗಿಸಿದ್ದೇನೆ. ಹೊಗೆ ಎಲ್ಲಿಗೆ ಹೋಗುತ್ತದೆ, ಶಬ್ದ ಎಷ್ಟು ಹೆಚ್ಚುತ್ತದೆ, ಕಾನೂನು ಒಪ್ಪುತ್ತದೆಯೇ ಗೊತ್ತಿಲ್ಲ. ಇನ್ನೊಂದರಲ್ಲಿ ಫುಟ್‌ರೆಸ್ಟಿನ ಬದಲು ಹಿಮ್ಮಡಿಯವರೆಗೆ ಹರಡಿದ ತಟ್ಟೆ, ಅದರ ಅಂಚಿಗೆ ಗೋಡೆ. ಬೈಕು ವಾಲಿ ಬಿದ್ದರೆ ಕಾಲು ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತದೆಯೇ ಎಂಬ ಭಯ. ಉಳಿದ ಎರಡನ್ನು ನಾನೇ ನಂಬುವುದಿಲ್ಲ. ಎಡಪಾದ ಇನ್ನೂ ಮಾಂಸದ್ದೇ, ಅದಕ್ಕೂ ಏನೂ ತಿಳಿಯುವುದಿಲ್ಲ. ಎಡಗಡೆ ಚೈನು ಇದೆ. ಅದನ್ನೂ ಯೋಚಿಸಬೇಕು.

ಆದ್ದರಿಂದ ಕೇಳುತ್ತಿದ್ದೇನೆ. ಸ್ಪರ್ಶವಿಲ್ಲದ ಪಾದದವರನ್ನೋ ಕೃತಕ ಕಾಲಿನವರನ್ನೋ ಬೈಕಿನ ಹಿಂದಿನ ಸೀಟಿನಲ್ಲಿ ದಿನಾ ಕರೆದೊಯ್ದವರು, ಅಂಥ ಫುಟ್‌ರೆಸ್ಟು ಮಾಡಿದ ಮೆಕ್ಯಾನಿಕ್ಕುಗಳು, ಅಂಥ ಸೀಟಿನಲ್ಲಿ ಸ್ವತಃ ಕೂತವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಪ್ರಕಾಶಕರ ವಿಳಾಸಕ್ಕೆ ಬರೆಯಿರಿ. ಸೈಲೆನ್ಸರನ್ನು ಯಾವುದಕ್ಕೆ ತೂಗುಹಾಕಿದಿರಿ, ಹಿಮ್ಮಡಿಯಿಂದ ಎಷ್ಟು ದೂರ, ಟ್ರಾಫಿಕ್ಕಿನಲ್ಲಿ ನಿಂತಾಗ ಎಷ್ಟು ಬಿಸಿ, ಕಾಲು ಜಾರಿದ್ದು ನಿಮಗೆ ಹೇಗೆ ತಿಳಿಯಿತು, ಇಷ್ಟು ಬೇಕು. ಚಿತ್ರ ಇದ್ದರೆ ಕಳಿಸಿ. ಕೆಟ್ಟದ್ದೇನಾದರೂ ಆಗಿದ್ದರೆ ಅದನ್ನೂ ಬಿಡದೆ ಬರೆಯಿರಿ. ಅಪ್ಪ ಜನವರಿಯ ಮೊದಲ ಶನಿವಾರಕ್ಕೆಂದು ಬೂಟು ತಂದಿಟ್ಟುಕೊಂಡಿದ್ದಾರೆ. ಗೊತ್ತಿರುವವರು ಯಾರಾದರೂ ಬರೆಯದ ಹೊರತು ನಾನು ಅವರನ್ನು ಕೂರಿಸಿಕೊಳ್ಳುವುದಿಲ್ಲ.